ಒಂಬತ್ತರಲ್ಲಿ ಉಳಿದ ಒಂದು ಎಲೆ

ರೊಟ್ಟಿ ಬಡಿಯುತ್ತಿದ್ದೆ. ಹೆಂಚಿನ ಮೇಲೊಂದು ಉಬ್ಬಿ ನಿಂತಿತ್ತು, ಕೈಗೆಲ್ಲ ಜೋಳದ ಹಿಟ್ಟು. ಅಷ್ಟರಲ್ಲಿ ಮನೆಯವರಿಗೆ ನಿಪ್ಪಾಣಿಯಿಂದ ಅವರ ಅಕ್ಕನ ಫೋನು ಬಂತು. ನನಗೂ ಕೇಳಲೆಂದು ಫೋನನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟು ಸ್ಪೀಕರ್ ಹಚ್ಚಿದರು.

“ತಂಗೀ, ಅವರ ಗಿಡ ಹೋತ್ ನೋಡವಾ,” ಎಂದರು ಅಕ್ಕ. “ಮಗಳ ಮನ್ಯಾಗ ಹದಿನೈದ ದಿನ ಇದ್ದೆ. ಇಲ್ಲಿ ಒಂದ ಸವನ ಮಳಿ. ಬುಡಾ ಕೊಳತ ಬಿಟ್ಟೈತಿ. ಎತ್ತಾಕ ಹೋದ್ರ ಕೈಯಾಗ ಬಂತು.”

ಹೆಂಚಿನ ಮೇಲಿನ ರೊಟ್ಟಿ ಹೊತ್ತಿದ್ದು ವಾಸನೆ ಬಂದ ಮೇಲೆ ಗೊತ್ತಾಯಿತು.

ಅವರು ಅಂದರೆ ಅಕ್ಕನ ಯಜಮಾನರು. ತೀರಿಕೊಂಡು ಆಗ ಎಂಟು ತಿಂಗಳು. ನಿವೃತ್ತರಾದ ಮೇಲೆ ಕೊಲ್ಲಾಪುರದ ನರ್ಸರಿಯೊಂದರಿಂದ ಆ ಗಿಡ ತಂದಿದ್ದರು. ದಪ್ಪ ಎಲೆಗಳು ಕಮಲದಂತೆ ಸುತ್ತುಸುತ್ತಾಗಿ ಕೂತಿರುತ್ತವೆ; ಬೂದಿ ಬಣ್ಣ, ಅಂಚಿಗೆ ತುಸು ಗುಲಾಬಿ. ನರ್ಸರಿಯವನು ಸಕ್ಯುಲೆಂಟ್ ಅಂದಿದ್ದನಂತೆ, ನಾವು ಕಲ್ಲುಕಮಲ ಅನ್ನುತ್ತಿದ್ದೆವು. ಅವರ ಬಟ್ಟೆಬರೆಯನ್ನೆಲ್ಲ ಅಕ್ಕ ಹಂಚಿಬಿಟ್ಟಿದ್ದರು. ಅವರ ಕೈಯದು ಅಂತ ಜೀವಂತ ಉಳಿದದ್ದು ಅದೊಂದೇ.

ಮೂರನೆಯ ದಿನ ಅಕ್ಕ ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ನಮ್ಮ ಶಿರಗುಪ್ಪಿಗೆ ಬಂದರು. ಚೀಲದಲ್ಲಿ ಒಂದು ಸ್ಟೀಲಿನ ಡಬ್ಬಿ, ಅದರಲ್ಲಿ ಒಂಬತ್ತು ಎಲೆ.

“ತುದಿಯಾಗಿನ ಇವಷ್ಟ ಗಟ್ಟಿ ಇದ್ದೂವು. ನಾ ಮುಟ್ಟಿದ್ದು ಯಾವುದೂ ಚಿಗಿಯೂದಿಲ್ಲ. ನೀವ ಏನರ ಮಾಡ್ರಿ.”

ನಮ್ಮದು ಕಬ್ಬು ಬೆಳೆಯುವ ಮನೆ. ಯಾವ ಬೀಜವೇ ಇರಲಿ, ಮೊದಲು ದೇವರ ಮುಂದೆ ಇಟ್ಟು ಆಮೇಲೆ ಮಣ್ಣಿಗೆ. ಎಲೆಗಳನ್ನು ದೇವರ ಜಗಲಿಯ ಮೇಲೆ ಸುರುವಿ, ಕುಂಕುಮ ಹಚ್ಚಿ, ವೀರಭದ್ರನಿಗೆ ಕೈ ಮುಗಿದೆ. ಮುಗಿಯುವುದರೊಳಗೆ ಮನೆಯವರು ಎಲೆಗಳನ್ನು ಬಾಚಿ ಬೊಗಸೆಗೆ ತುಂಬಿಕೊಂಡರು.

“ಇದನ್ನ ನನಗ ಬಿಡ. ಮೂವತ್ತ ವರ್ಷ ಕಬ್ಬ ಹಚ್ಚೇನಿ.”

“ಅದು ಕಬ್ಬಲ್ರಿ,” ಅಂದೆ.

“ಮಣ್ಣ ಎಲ್ಲಾದಕ್ಕೂ ಒಂದ.” ಒಂದೊಂದು ಎಲೆಯನ್ನೂ ತಿರುಗಿಸಿ ನೋಡಿದರು. “ಇದಕ್ಕ ಕಣ್ಣ ಎಲ್ಲಿ ಅದಾವಲೇ?”

ಕಬ್ಬಿನ ತುಂಡಿಗೆ ಗೆಣ್ಣುಗೆಣ್ಣಿಗೆ ಚಿಗುರುವ ಕಣ್ಣಿರುತ್ತದೆ. ಸಾಲಿಗೆ ನೀರು ಬಿಟ್ಟು, ಆ ಕೆಸರಿನಲ್ಲಿ ತುಂಡನ್ನು ಅಡ್ಡಡ್ಡ ಒತ್ತುತ್ತಾರೆ. ಹಾಗೆಯೇ ಮಾಡಿದರು. ದೊಡ್ಡ ಕುಂಡಕ್ಕೆ ಹೊಲದ ಎರೆಮಣ್ಣು ತುಂಬಿ, ಎರಡು ತಂಬಿಗೆ ನೀರು ಹೊಯ್ದು, ಎಲೆಗಳನ್ನು ಸಾಲಾಗಿ ಮಲಗಿಸಿ ಹೆಬ್ಬೆರಳಿನಿಂದ ಒತ್ತಿದರು. ಕಾಲಿನಿಂದ ತುಳಿಯುವುದೊಂದೇ ಬಾಕಿ. ದಿನಾ ಬೆಳಿಗ್ಗೆ ನೀರು. ಅಕ್ಕ ನೋಡಿ ಸಮಾಧಾನವಾಗಿ ಊರಿಗೆ ಹೋದರು.

ಹತ್ತು ದಿನಕ್ಕೆ ಕುಂಡ ನಾರತೊಡಗಿತು. ಕೆದರಿ ನೋಡಿದೆ. ಬೆಂದ ಬದನೆಕಾಯಿಯಂತೆ ಎಲ್ಲವೂ ಬೆರಳಿಗೆ ಮೆತ್ತಿಕೊಂಡವು. ಮನೆಯವರ ಮುಖ ನೋಡಲಾಗಲಿಲ್ಲ.

“ಅಕ್ಕಗ ಹೇಳಬ್ಯಾಡ,” ಎಂದರು.

ಸುಳ್ಳು ಹೇಳಿ ದೇವರ ಮುಂದೆ ದೀಪ ಹಚ್ಚುವುದು ನನ್ನಿಂದ ಆಗದು. ನಿಜ ಹೇಳಲು ಬಾಯಿಯೂ ಬಾರದು. ಅಕ್ಕ ಎರಡು ದಿನಕ್ಕೊಮ್ಮೆ ಫೋನು ಮಾಡಿ “ಹೆಂಗದಾವ?” ಅನ್ನುವರು. ಒಲೆ ಮೇಲೆ ಹಾಲಿದೆ ಅಂತ ಹೇಳಿ ಇಟ್ಟುಬಿಡುತ್ತಿದ್ದೆ.

ಮುಂದಿನ ಸೋಮವಾರ ಜಗಲಿ ಒರೆಸುವಾಗ ದೇವರ ಫೋಟೋ ಸರಿಸಿದೆ. ಹಿಂದೆ, ವಿಭೂತಿಯ ಪುಡಿಯ ನಡುವೆ ಒಂದು ಎಲೆ. ಸುರುವಿದಾಗ ಜಾರಿರಬೇಕು. ಕುಂಕುಮ ಹಾಗೇ ಇತ್ತು. ಮೈ ಸುಕ್ಕಾಗಿತ್ತು, ಆದರೆ ಬುಡದಲ್ಲಿ ನೂಲಿನೆಳೆಯಂಥ ಗುಲಾಬಿ ಬೇರು, ಪಕ್ಕದಲ್ಲೇ ಎಳ್ಳಿನಷ್ಟು ಹಸಿರು. ಮಣ್ಣಿಲ್ಲ, ನೀರಿಲ್ಲ. ಅಲ್ಲೇ ಕೂತುಬಿಟ್ಟೆ. ಎಂಟು ಎಲೆಗೆ ನಾವು ಮಾಡಿದ್ದನ್ನು ಒಂಬತ್ತನೆಯದಕ್ಕೆ ಮಾಡದಂತೆ ದೇವರು ತಡೆದಿದ್ದ.

ಆ ಸಂಜೆ ನಾನೇ ನಿಪ್ಪಾಣಿಗೆ ಫೋನು ಮಾಡಿದೆ. “ಅಕ್ಕಾರ, ಎಂಟ ಹೋದೂವ್ರಿ. ಒಂದ ಐತಿ.”

“ದಿನಾ ನೀರ ಯಾರ ಹಾಕಿದ್ದು?” ಎಂದರು ಅಕ್ಕ.

“ನಿಮ್ಮ ತಮ್ಮನ್ರಿ.”

“ಕೊಡ ಅವನ ಕೈಯಾಗ.” ಫೋನು ಕಿವಿಗೆ ಹಿಡಿದ ಮನೆಯವರಿಗೆ ಬಿದ್ದ ಬೈಗುಳ ನನಗೂ ಕೇಳಿತು. “ಲೇ ತಮ್ಮಾ, ಅದನ್ನೇನ ಸಕ್ಕರಿ ಫ್ಯಾಕ್ಟರಿಗೆ ಕಳಸಾಂವ ಇದ್ದೇನೋ? ಇನ್ನ ಆ ಒಂದಕ್ಕ ಕೈ ಹಚ್ಚಿದಿ ಅಂದ್ರ ನೋಡ ಮತ್ತ!”

ಹೀಗೆ ಆ ಎಲೆ ನನ್ನದಾಯಿತು. ಎರೆಮಣ್ಣು ನೀರು ಹಿಡಿದಿಡುತ್ತದೆ ಎಂದು ಹೊಳೆಯ ಉಸುಕು ತರಿಸಿದೆ. ಇಟ್ಟಿಗೆಯನ್ನು ಒಡೆದು ಜರಡಿ ಹಿಡಿದೆ, ಸೋಸಿದ ಗೊಬ್ಬರ ಒಂದು ಹಿಡಿ ಬೆರೆಸಿದೆ. ಬುಡ ತೂತಾದ ಮೊಸರಿನ ಮಡಕೆಯಲ್ಲಿ ಎಲೆಯನ್ನು ಹೂಳದೆ ಮೇಲೆಯೇ ಮಲಗಿಸಿದೆ. ಸೋಮವಾರ ಪೂಜೆಯಾದ ಮೇಲೆ ಬೇರಿನ ಹತ್ತಿರ ಎರಡು ಚಮಚ ನೀರು, ಮತ್ತೆ ಮುಂದಿನ ಸೋಮವಾರದವರೆಗೆ ಇಲ್ಲ. ಒಂದು ಎಲೆಯ ಬುಡದಲ್ಲಿ ಮೂರು ಮರಿ ಎದ್ದವು. ತಾಯಿ ಎಲೆ ತನ್ನ ನೀರನ್ನೆಲ್ಲ ಅವಕ್ಕೆ ಕೊಟ್ಟು ಕಾಗದದಂತಾಗಿ ಉದುರಿತು. ಮರಿಗಳನ್ನು ಬಿಡಿಸಿ ಬೇರೆಬೇರೆ ನೆಟ್ಟೆ. ಅವು ಬಲಿತಾಗ ಕೆಳಗಿನ ಎಲೆಗಳನ್ನು ಬುಡಸಮೇತ ಮೆಲ್ಲಗೆ ತಿರುವಿ ಬಿಡಿಸಿ, ಗಾಯ ಒಣಗುವವರೆಗೆ ನಾಲ್ಕು ದಿನ ಮೊರದಲ್ಲಿ ನೆರಳಿಗೆ ಇಟ್ಟು, ಮತ್ತೆ ಉಸುಕಿನ ಮೇಲೆ. ಎಲ್ಲವೂ ಬದುಕಲಿಲ್ಲ. ಬದುಕಿದವನ್ನೇ ಎಣಿಸುತ್ತ ಬಂದೆ: ಒಂದು, ಮೂರು, ಆಮೇಲೆ ಹನ್ನೊಂದು.

ಈಗ ನಮ್ಮ ಓಣಿಯ ಹೆಣ್ಣುಮಕ್ಕಳು ಒಂದು ಎಲೆ ಕೊಡಿ ಅಂತ ಬರುತ್ತಾರೆ. ಮನೆಯವರು ಕಟ್ಟೆ ಮೇಲೆ ಕೂತು, “ನೀರ ಹಾಕಬ್ಯಾಡ್ರಿ ಮತ್ತ, ಕೊಳೀತೈತಿ,” ಎಂದು ದೊಡ್ಡ ಪಂಡಿತರ ಹಾಗೆ ಹೇಳಿ ಕಳಿಸುತ್ತಾರೆ. ನಾನು ಸುಮ್ಮನೆ ನಗುತ್ತೇನೆ.

ಕಳೆದ ಅಮಾವಾಸ್ಯೆಗೆ ಅಕ್ಕ ಯಡೂರಿನ ವೀರಭದ್ರನ ದರ್ಶನ ಮುಗಿಸಿ ನಮ್ಮಲ್ಲಿಗೆ ಬಂದರು. ಅಂಗೈ ಅಗಲಕ್ಕೆ ಅರಳಿದ್ದ ದೊಡ್ಡ ಕಲ್ಲುಕಮಲವನ್ನು ಅವರ ಮಡಿಲಿಗಿಟ್ಟೆ. ಅಂಚಿಗೆ ಅದೇ ಗುಲಾಬಿ. ಸೆರಗಿನ ತುದಿಯಿಂದ ಒಂದು ಎಲೆಯ ಧೂಳು ಒರೆಸಿದರು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಸಾರಿಗೆ ಎಷ್ಟು ಉಪ್ಪು ಹಾಕಬೇಕೆಂಬುದನ್ನೂ ಕಲಿಸಿದವರು ಅವರು. ಅವರೇ ತಲೆ ಎತ್ತಿ ಕೇಳಿದರು, “ಎಷ್ಟ ದಿನಕ್ಕೊಮ್ಮೆ ನೀರ ಹಾಕಬೇಕ ಹೇಳವಾ. ಬರ್ಕೋತೇನಿ. ಈ ಸಲ ತಪ್ಪಬಾರದು.”

ಹೇಳಿದೆ. ತಮ್ಮ ಮೊಮ್ಮಗಳ ನೋಟ್‌ಬುಕ್ಕಿನಿಂದ ಹರಿದು ತಂದ ಹಾಳೆಯ ಮೇಲೆ ಒಂದೊಂದಾಗಿ ಬರೆದುಕೊಂಡರು. ಎದೆ ತುಂಬಿ ಬಂತು, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ನಳಕ್ಕೆ ನೀರು ಬಂದ ಸಪ್ಪಳವಾಯಿತು. ಕೊಡ ತಿಕ್ಕಿ ತುಂಬಿಸಲು ಎದ್ದೆ.