ಸ್ವಿಚ್ಚಕ್ಕನ ಕೈ

ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಅವಳಿಗೆ ಸ್ವಿಚ್ಚಕ್ಕ ಎಂದೇ ಹೆಸರು. ಕುರ್ಚಿ ಬಿಟ್ಟೇಳುವಾಗ ಗೋಡೆಯ ಸ್ವಿಚ್ಚು ಆರಿಸದೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಮಗಳು ಅಂಬೆಗಾಲಿಡುತ್ತಿದ್ದಾಗ ಪ್ಲಗ್ಗಿನ ತೂತಿಗೆ ಹೇರ್‌ಪಿನ್ ತುರುಕಿ ನೀಲಿಗಟ್ಟಿ ಬಿದ್ದಿದ್ದಳು. ಮಗುವಿನ ಜೀವ ಉಳಿಯಿತು; ತಾಯಿಯ ಕೈಗೆ ಮಾತ್ರ ಅಂದಿನಿಂದ ಈ ಚಾಳಿ ಅಂಟಿಕೊಂಡಿತು.

"ಅಕ್ಕ ಬಂದ್ಮೇಲೆ ಕೇಂದ್ರದ ಕರೆಂಟ್ ಬಿಲ್ಲೇ ಇಳಿದುಹೋಯ್ತು" ಎಂದು ಪಕ್ಕದ ಮೇಜಿನ ಹುಡುಗಿ ಛೇಡಿಸುತ್ತಿದ್ದಳು.

ಅವಳು ಬಸ್ ನಿಲ್ದಾಣದ ಟಿಕೆಟ್ ಕಿಟಕಿಯ ಹಿಂದೆ ಕೂತು ಕೂತು ಸವೆದವಳು. ಈಗ ಕಿಟಕಿಗಳ ಜಾಗಕ್ಕೆ ಯಂತ್ರಗಳು ಬಂದಿದ್ದವು. ಈ ಕೋರ್ಸ್ ಮುಗಿಸಿದವರಿಗೆ ಯಂತ್ರಗಳ ದುರಸ್ತಿಯ ಕೆಲಸ, ಉಳಿದವರು ಮನೆಗೆ ಎಂದು ಕಚೇರಿ ಹೇಳಿಬಿಟ್ಟಿತ್ತು. ಗಂಡನ ಅಂಗಡಿ ಮುಚ್ಚಿಹೋದ ಮೇಲೆ ಮನೆ ನಿಂತಿದ್ದೇ ಅವಳ ಸಂಬಳದ ಮೇಲೆ.

ಕೋರ್ಸಿನಲ್ಲಿ ಅಂಕಗಳಿಲ್ಲ, ಪಾಸು-ಫೇಲೂ ಇಲ್ಲ. ಒಂದೊಂದು ಕೆಲಸವನ್ನೂ ಪರೀಕ್ಷಕರ ಕಣ್ಣೆದುರು ಮಾಡಿ ತೋರಿಸಬೇಕು. ಮಾಡಿದರೆ 'ಕೈಗೆ ಬಂದಿದೆ', ಇಲ್ಲವಾದರೆ 'ಇನ್ನೂ ಬಂದಿಲ್ಲ'. "ಎಷ್ಟು ಸಲ ಬೇಕಾದ್ರೂ ಮಾಡಬಹುದಮ್ಮ, ಹೆದರಬೇಡಿ" ಎನ್ನುತ್ತಿದ್ದರು ಮೇಷ್ಟ್ರು. ಈ ಬ್ಯಾಚಿಗೇ ಕೋರ್ಸ್ ನಿಲ್ಲುತ್ತದೆಂದು ಗೊತ್ತಾದ ಮೇಲೆ ಅವರು ಆ ಮಾತು ಆಡುವುದನ್ನೂ ಬಿಟ್ಟರು.

ಅವಳಿಗೆ ಉಳಿದಿದ್ದು ಒಂದೇ ಕೆಲಸ. ಕಂಪ್ಯೂಟರನ್ನು ಎಬ್ಬಿಸುವ ಮೂಲ ತಂತ್ರಾಂಶ ಮದರ್‌ಬೋರ್ಡಿನೊಳಗೆ ಇರುತ್ತದೆ, ಅದನ್ನು ಹೊಸದಾಗಿಸಬೇಕು. ಕೊನೆಯ ದಿನ ಪರೀಕ್ಷಕರು ಬಂದು ಪಕ್ಕ ನಿಂತರು. ಅವಳು ತಪ್ಪಿಲ್ಲದೆ ಶುರುಮಾಡಿದಳು. ಪರದೆಯ ಮೇಲೆ ಹಸಿರು ಪಟ್ಟಿ ಹುಳದಂತೆ ತೆವಳತೊಡಗಿತು.

"ಈಗ ಕರೆಂಟ್ ತೆಗೆದ್ರೆ?" ಎಂದು ಪರೀಕ್ಷಕರು ಕೇಳಿದರು.

"ಬೋರ್ಡ್ ಸತ್ತ ಹಾಗೇ ಸರ್. ಮುಗಿಯೋವರೆಗೂ ಮುಟ್ಟಬಾರದು."

"ಸರಿ, ಅದು ಆಗ್ತಿರಲಿ. ಅಲ್ಲಿವರೆಗೆ ಆ ಮೇಜಿನ ಹತ್ತಿರ ಬನ್ನಿ, ನೀವು ಹಿಂದೆ ಕೇಬಲ್ ಜೋಡಿಸಿದ್ದು ಒಮ್ಮೆ ತೋರಿಸಿ."

ಅವಳು ಎದ್ದಳು. ಟಕ್ ಎಂದಿತು.

ಪರದೆ ಕಪ್ಪಾದ ಮೇಲೆಯೇ ಅವಳು ತನ್ನ ಕೈ ನೋಡಿಕೊಂಡದ್ದು. ಬೆರಳು ಇನ್ನೂ ಸ್ವಿಚ್ಚಿನ ಮೇಲಿತ್ತು.

ಮೇಷ್ಟ್ರು ಮತ್ತೆ ಹಾಕಿ ನೋಡಿದರು. ಒಳಗಿನ ಫ್ಯಾನ್ ತಿರುಗಿತು, ಪರದೆ ಬೆಳಗಲಿಲ್ಲ. ಪಕ್ಕದ ಮೇಜಿನ ಹುಡುಗಿ ತಲೆ ತಗ್ಗಿಸಿ ತನ್ನ ಉಗುರು ನೋಡುತ್ತಿದ್ದಳು.

"ನಂಗೆ ಗೊತ್ತು ಸರ್. ಈಗ್ತಾನೇ ಹೇಳಿದ್ನಲ್ಲ" ಎಂದಳು ಸ್ವಿಚ್ಚಕ್ಕ.

"ಹೇಳಿದ್ರಿ ಅಮ್ಮ. ನಾನು ಬರೀಬೇಕಾದ್ದು ಮಾಡಿದ್ದನ್ನ" ಎಂದರು ಪರೀಕ್ಷಕರು.

"ಇನ್ನೊಂದು ಬೋರ್ಡ್..." ಎನ್ನುತ್ತಾ ಅವಳು ಮೇಷ್ಟ್ರ ಕಡೆ ತಿರುಗಿದಳು. ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಕೇಂದ್ರದಲ್ಲಿ ಈ ಪರೀಕ್ಷೆಗೆಂದು ಇದ್ದ ಬೋರ್ಡು ಅದೊಂದೇ.

ಸಂಜೆ ಮನೆಗೆ ಬಂದಾಗ ಅತ್ತೆ ಬೆವರು ಒರೆಸಿಕೊಳ್ಳುತ್ತಾ ಕೂತಿದ್ದರು.

"ನಿನ್ನ ಮಗಳು ನನ್ನ ಬೇಯಿಸಿ ಹಾಕಿದ್ಲು ನೋಡು. ಒಂದು ಗಳಿಗೆ ಕಣ್ಣು ಮುಚ್ಚೋ ಹಾಗಿಲ್ಲ, ಫ್ಯಾನ್ ಆರಿಸ್ತಾಳೆ. ಎಲ್ಲಾ ನಿನ್ನದೇ ಪಾಠ. ಅದಿರಲಿ, ಏನಾಯ್ತು?"

ಅವಳು ಚಪ್ಪಲಿ ಬಿಟ್ಟಳು. ಅಷ್ಟರಲ್ಲಿ ಮಗಳು ಓಡಿಬಂದು ಅವಳ ಕೈ ಹಿಡಿದು ಗೋಡೆಯ ಹತ್ತಿರ ಎಳೆದೊಯ್ದಳು. ಸ್ಟೂಲ್ ಹತ್ತಿ, ಒಂದೊಂದಾಗಿ ಎಲ್ಲ ಸ್ವಿಚ್ಚೂ ಆರಿಸಿ, ಹೊಗಳಿಕೆಗೆ ಕಾದು ನಿಂತಳು.

"ಕೈಗೆ ಬಂತು ಪುಟ್ಟಿ" ಎಂದಳು ತಾಯಿ ಕತ್ತಲಲ್ಲಿ. "ನಿಂಗೆ ಚೆನ್ನಾಗಿ ಬಂತು."