ಬೆರಳು ಬಿಡದ ಉಂಗುರ

ಕ್ಯಾತನಹಳ್ಳಿ ಸ್ಕೂಲಿಗೆ ಟೀಚರಾಗಿ ಸೇರಿದ ವರ್ಷವೇ ನನಗೆ ಮದುವೆ ಗೊತ್ತಾಯಿತು. ಹುಡುಗನಿಗೆ ಉಂಗುರ ನಾನೇ ಆರಿಸುತ್ತೇನೆಂದು ಜಂಬದಿಂದ ಪಾಂಡವಪುರದ ಅಂಗಡಿಗೆ ಹೋದೆ. ಬೆರಳಿನ ಅಳತೆ ಮಾತ್ರ ಗೊತ್ತಿರಲಿಲ್ಲ. ಫೋನ್ ಮಾಡಿ ಕೇಳೋಣವೆಂದರೆ ಎಸ್‌ಟಿಡಿ ಬೂತಿನಲ್ಲಿ ನನ್ನ ಹಿಂದೆ ಯಾವಾಗಲೂ ಅರ್ಧ ಊರು ನಿಂತಿರುತ್ತಿತ್ತು.

ಅಂಗಡಿಯಲ್ಲಿ ಕೂತಿದ್ದ ರೈತರೊಬ್ಬರ ಕೈ ಸುಮಾರು ನಮ್ಮ ಹುಡುಗನ ಕೈಯಂತೆಯೇ ಕಂಡಿತು. ನಾಚಿಕೆ ಬಿಟ್ಟು ಕೇಳಿದೆ.

"ಅದ್ಕೇನಂತೆ, ಕೊಡವ್ವ ಇತ್ತ," ಎಂದು ಹಾಕಿಕೊಂಡರು.

ಸಲೀಸಾಗಿ ಒಳಗೆ ಹೋದ ಉಂಗುರ ವಾಪಸು ಬರಲಿಲ್ಲ. ಸೋಪಿನ ನೀರು ತರಿಸಿದ್ದಾಯಿತು. ಅಂಗಡಿಯವರು ಅವರ ಮುಂಗೈ ಹಿಡಿದುಕೊಂಡರು, ನಾನು ಉಂಗುರ ತಿರುಗಿಸುತ್ತಿದ್ದೆ. ಅಷ್ಟರಲ್ಲಿ ಸಂತೆ ಮುಗಿಸಿಕೊಂಡು ಅವರ ಹೆಂಡತಿ ಒಳಗೆ ಬಂದರು.

ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಆಕೆ ನನ್ನ ಕಡೆ ತಿರುಗಲೂ ಇಲ್ಲ. ಗಂಡನ ಬೆರಳನ್ನೇ ನೋಡುತ್ತಾ, "ಮದ್ವೇಲಿ ನಮ್ಮಪ್ಪ ಆಕಿದ್ ಉಂಗ್ರ ಒಂದ್ ತಿಂಗ್ಳಿಗೇ ಕಬ್ಬಿನ್ ಗದ್ದೇಲಿ ಜಾರೋಯ್ತು ಅಂದ್ರಲ್ಲ, ಇದ್ಯಾಕೆ ಜಾರಾಕಿಲ್ಲ?" ಎಂದರು.

ರೈತರು ಹಲ್ಲು ಕಚ್ಚಿ ಒಂದೇ ಎಳೆತಕ್ಕೆ ಉಂಗುರ ಕಿತ್ತು ನನ್ನ ಕೈಗಿಟ್ಟರು.

ನಮ್ಮವರಿಗೆ ಅದು ಸಡಿಲವೇ ಆಯಿತು. ಇವತ್ತಿಗೂ ದಾರ ಸುತ್ತಿಯೇ ಹಾಕಿಕೊಳ್ಳುತ್ತಾರೆ. ಜಾರಿಹೋಯಿತು ಅಂದರೆ ನಾನು ನಂಬುವವಳಲ್ಲ ಎಂದು ಅವರಿಗೆ ಗೊತ್ತು.