ನಿಪ್ಪಾಣಿಯಲ್ಲಿ ಕಚ್ಚೆ ಸೀರೆ

ನಾಳೆ ಬೋರಗಾಂವದಲ್ಲಿ ನನ್ನ ಹೆಂಡತಿಯ ತಮ್ಮನ ಮಗಳ ಮದುವೆ. ತವರಿನ ಹೆಂಗಸರ ಹಾಗೆ ಅವಳೂ ಕಚ್ಚೆ ಉಡಲಿ ಎಂದು ದಾರಿಯಲ್ಲಿ ನಿಪ್ಪಾಣಿಯ ಅಂಗಡಿಯಲ್ಲಿ ಒಂಬತ್ತು ಗಜದ ಸೀರೆ ಕೊಡಿಸಿದೆ. ಮೂವತ್ತು ವರ್ಷದ ಹಿಂದೆ, ನನ್ನ ನೌಕರಿಗೆಂದು ಮೈಸೂರಿಗೆ ಕರೆದೊಯ್ದ ವರ್ಷವೇ ಅವಳ ಕಚ್ಚೆ ಬಿಡಿಸಿದವನು ನಾನು. ನೆರೆಯವರು ಮರಾಠಿಯವಳೆಂದು ನಕ್ಕರೆ ನನಗೆ ನಾಚಿಕೆಯಾಗುತ್ತಿತ್ತು.

ಉಟ್ಟು ನೋಡಲು ಅಂಗಡಿಯ ಮುದುಕಿ ಅವಳನ್ನು ಪರದೆಯ ಹಿಂದೆ ಕರೆದೊಯ್ದಳು. ಹೊರಗೆ ಕುಳಿತ ನನಗೆ ಮುದುಕಿಯ ನಗು ಕೇಳಿಸಿತು.

"ಅಯ್ಯ, ಕಚ್ಚಿ ಹಿಂದ ಸಿಗಸ್ರಿ ಅಕ್ಕಾರ, ಮುಂದಲ್ಲ! ನಿಮ್ಮ ಕಡೆ ಇದನ್ನ ಉಡೂದಿಲ್ಲೇನು? ಯಾವೂರವರ್ರಿ ನೀವು?"

ಪಕ್ಕದ ಬೋರಗಾಂವದಲ್ಲೇ ಹುಟ್ಟಿ ಬೆಳೆದ ನನ್ನ ಹೆಂಡತಿಯ ದನಿ ಪರದೆಯಾಚೆಯಿಂದ ಬಂತು.

"ಮೈಸೂರ ಕಡೆಯವರ್ರಿ" ಎಂದಳು.